ಒಣನಾಡಿನ ಗಿಡಗಳ ನೀರಿನ ಜಮಾಖರ್ಚು

ಎಳ್ಳಮಾವಾಸ್ಯೆಯ ದಿನ ರೋಣದಿಂದ ನರಗುಂದದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಗಳಿಗೆ ನಿಂತು ಸುತ್ತಲೂ ನೋಡಿರಿ. ಬುತ್ತಿ ಕಟ್ಟಿಕೊಂಡು ಬಂದ ಮನೆಮಂದಿಯೆಲ್ಲ ಹೊಲದಲ್ಲಿ ಚರಗ ಚೆಲ್ಲಿ, ಬೆಳೆಯ ನಡುವೆ ಕುಳಿತು ಉಣ್ಣುತ್ತಿರುತ್ತಾರೆ. ಬಿಳಿಜೋಳ ಹೊಡೆ ಹಿರಿದು ಎದೆಮಟ್ಟಕ್ಕೆ ನಿಂತಿರುತ್ತದೆ. ಕಡಲೆ ಹೂ ಕಚ್ಚಿರುತ್ತದೆ. ಕುಸುಬೆಯ ಸಾಲುಗಳು ಮುಳ್ಳೇರುತ್ತಿರುತ್ತವೆ. ಆದರೆ ಕಾಲ ಕೆಳಗಿನ ನೆಲವನ್ನು ನೋಡಿದರೆ ಅಲ್ಲಿ ಕೈ ತೂರುವಷ್ಟು ಅಗಲದ ಬಿರುಕುಗಳು! ಹಸ್ತ ಚಿತ್ತೆಗಳ ಮಳೆ ಸುರಿದು ಹೋಗಿ ಎರಡು ತಿಂಗಳು ಕಳೆದಿವೆ. ಕಾಲುವೆಯಾಗಲಿ ಬಾವಿಯಾಗಲಿ ಇಲ್ಲದ ಹೊಲಗಳಲ್ಲಿಯೂ ಬೆಳೆ ಹಸಿರಾಗಿಯೇ ಇದೆ. ಸುಗ್ಗಿಯವರೆಗೆ ಇನ್ನೊಂದು ಹನಿ ಬೀಳದಿದ್ದರೂ ಅದು ಕಾಳು ಕಟ್ಟುವುದುಂಟು.

ಇದು ಹೇಗೆ ಸಾಧ್ಯ? ಊರಿನ ಹಿರಿಯರನ್ನು ಕೇಳಿದರೆ, ಹಿಂಗಾರಿ ಬೆಳೆ ಮಂಜಿಗೇ ಬೆಳೆಯುತ್ತದೆ ಎನ್ನುವರು. ತಲೆಮಾರುಗಳ ಅನುಭವದಿಂದ ಬಂದ ಮಾತನ್ನು ತಳ್ಳಿಹಾಕುವುದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಲ್ಲ. ಹಾಗೆಯೇ ತೂಗಿ ನೋಡದೆ ಒಪ್ಪುವುದೂ ತಕ್ಕುದಲ್ಲ. ಆದುದರಿಂದ ಮೊದಲು ಮಂಜನ್ನೇ ತೂಗಿ ನೋಡೋಣ.

ಮಂಜಿನ ತೂಕ

ಮೋಡವಿಲ್ಲದ ರಾತ್ರಿಯಲ್ಲಿ ಎಲೆಗಳು ತಮ್ಮ ಶಾಖವನ್ನು ವಿಕಿರಣದ ರೂಪದಲ್ಲಿ ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತವೆ. ತಣ್ಣಗಾದ ಎಲೆಗೆ ತಾಗಿದ ಗಾಳಿಯಲ್ಲಿನ ನೀರಾವಿ ಹನಿಗೂಡುತ್ತದೆ. ಇದೇ ಇಬ್ಬನಿ. ಒಳ್ಳೆಯ ಇಬ್ಬನಿ ಬಿದ್ದ ರಾತ್ರಿಯಲ್ಲಿಯೂ ಅದರ ಪ್ರಮಾಣ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ. ಎಲೆ ಒಂದು ರಾತ್ರಿಯಲ್ಲಿ ಕಳೆದುಕೊಳ್ಳಬಹುದಾದ ಶಾಖಕ್ಕೆ ಒಂದು ಮಿತಿ ಇರುವುದರಿಂದ ಇಬ್ಬನಿಗೂ ಮಿತಿಯುಂಟು, ಅದು 0.8 ಮಿಲಿಮೀಟರನ್ನು ಮೀರುವುದು ಕಷ್ಟ.

ಉದಾರವಾಗಿಯೇ ಲೆಕ್ಕ ಹಾಕೋಣ. ರಾತ್ರಿಗೆ 0.2 ಮಿಲಿಮೀಟರಿನಂತೆ 60 ರಾತ್ರಿಗಳು ಇಬ್ಬನಿ ಬಿತ್ತೆಂದುಕೊಂಡರೂ ಒಟ್ಟು 12 ಮಿಲಿಮೀಟರು ಮಾತ್ರ. ಭರದಿಂದ ಬೆಳೆಯುವ ಜೋಳ ದಿನವೊಂದಕ್ಕೆ 3ರಿಂದ 4 ಮಿಲಿಮೀಟರು ನೀರನ್ನು ಬಳಸುತ್ತದೆ. ಅಂದರೆ ಇಡೀ ಹಂಗಾಮಿನ ಮಂಜು ಕೂಡಿದರೂ ಮೂರು ನಾಲ್ಕು ದಿನಗಳ ಖರ್ಚಿಗೆ ಮಾತ್ರ ಸಾಕಾದೀತು. ಅದರಲ್ಲಿಯೂ ಬಹುಭಾಗ ಬೇರಿಗೆ ಇಳಿಯದೆ, ಹೊತ್ತೇರುವಷ್ಟರಲ್ಲಿ ಎಲೆಯ ಮೇಲಿಂದಲೇ ಆರಿಹೋಗುತ್ತದೆ.

ಹಾಗಾದರೆ ಹಿರಿಯರ ಮಾತು ಸುಳ್ಳೇ? ಅಲ್ಲ. ಮಂಜು ಬೀಳುವ ಕಾಲವೆಂದರೆ ಚಳಿಯ ಕಾಲ. ಗಾಳಿ ಎಷ್ಟು ನೀರಾವಿಯನ್ನು ಹೊರಬಲ್ಲುದೆಂಬುದು ಅದರ ಉಷ್ಣತೆಯನ್ನು ಅವಲಂಬಿಸಿದೆ. ನೀರಾವಿಯ ಪರ್ಯಾಪ್ತ ಒತ್ತಡವು 20 ಡಿಗ್ರಿ ಸೆಲ್ಸಿಯಸಿನಲ್ಲಿ ಪಾದರಸದ 17.5 ಮಿಲಿಮೀಟರು, 30 ಡಿಗ್ರಿಯಲ್ಲಿ 31.8, 40 ಡಿಗ್ರಿಯಲ್ಲಿ 55.3. ಗಾಳಿ ಅರ್ಧದಷ್ಟು ತೇವವಾಗಿದೆಯೆಂದು ಹಿಡಿದರೆ, 30 ಡಿಗ್ರಿಯಲ್ಲಿ ಅದರ ಕೊರತೆ ಸುಮಾರು 16 ಮಿಲಿಮೀಟರು. 40 ಡಿಗ್ರಿಯಲ್ಲಿ ಸುಮಾರು 28. ಈ ಕೊರತೆಯೇ ಎಲೆಯಿಂದ ನೀರನ್ನು ಹೀರುವ ಬಾಯಾರಿಕೆ. ಪುಷ್ಯಮಾಸದ ಮಧ್ಯಾಹ್ನಕ್ಕಿಂತ ವೈಶಾಖದ ಮಧ್ಯಾಹ್ನದಲ್ಲಿ ಗಾಳಿಯ ಬಾಯಾರಿಕೆ ಹೆಚ್ಚುಕಡಿಮೆ ಇಮ್ಮಡಿ. ಆದುದರಿಂದ ಮಂಜು ಜಮೆಯ ಬಾಬಲ್ಲ. ಖರ್ಚು ಕಡಿಮೆಯಾಗಿರುವ ಕಾಲದ ಗುರುತು. ಹಿರಿಯರು ಗುರುತನ್ನು ಸರಿಯಾಗಿಯೇ ಹಿಡಿದಿದ್ದಾರೆ.

ನೆಲವೆಂಬ ಖಜಾನೆ

ಜಮೆಯಾದರೂ ಎಲ್ಲಿದೆ? ಅದು ಕಾಲ ಕೆಳಗೆ ಇದೆ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬರುತ್ತದೆ. ಅದನ್ನು ಹಿಡಿದಿಡುವ ಪಾತ್ರೆಯೇ ಎರೆಭೂಮಿ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಕಣಗಳು ಹೇರಳವಾಗಿವೆ. ಇವು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಜೋಡಿಸಿದ ಅತಿ ತೆಳು ಪದರಗಳು. ಒಂದು ಗ್ರಾಮು ಜೇಡಿಯ ಪದರಗಳನ್ನೆಲ್ಲ ಬಿಡಿಸಿ ಹರಡಿದರೆ ಅವುಗಳ ಮೇಲ್ಮೈ 700 ಚದರ ಮೀಟರುಗಳವರೆಗೂ ಹೋಗಬಹುದು. ನೀರು ಈ ಪದರಗಳ ನಡುವೆ ಸೇರಿದಾಗ ಮಣ್ಣು ಉಬ್ಬುತ್ತದೆ; ಆರಿದಾಗ ಕುಗ್ಗಿ ಬಿರಿಯುತ್ತದೆ. ಇಂತಹ ಮಣ್ಣು ಒಂದು ಮೀಟರು ಆಳದಲ್ಲಿ, ಬೆಳೆಯ ಕೈಗೆ ಎಟುಕುವಂತೆ, ಸುಮಾರು 150ರಿಂದ 200 ಮಿಲಿಮೀಟರು ನೀರನ್ನು ಹಿಡಿದಿಡಬಲ್ಲುದು.

ಬೆಳೆಯ ಕೈಗೆ ಎಟುಕುವಂತೆ ಎಂಬ ಮಾತು ಮುಖ್ಯವಾದುದು. ತೆಳುವಾದ ಗಾಜಿನ ನಳಿಕೆಯನ್ನು ನೀರಿನಲ್ಲಿ ಅದ್ದಿದರೆ ನೀರು ತಾನಾಗಿ ಮೇಲೇರುವುದನ್ನು ನೀವು ಪ್ರಯೋಗಶಾಲೆಯಲ್ಲಿ ನೋಡಿರುವಿರಿ. ನಳಿಕೆ ತೆಳುವಾದಷ್ಟೂ ಮೇಲ್ಮೈ ಎಳೆತದ ಹಿಡಿತ ಬಿಗಿಯಾಗುತ್ತದೆ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ತ್ರಿಜ್ಯವುಳ್ಳ ನಳಿಕೆಯಲ್ಲಿ ನೀರು ಸುಮಾರು 15 ಮೀಟರು ಏರಿ ನಿಲ್ಲಬಲ್ಲುದು. ಮಣ್ಣಿನ ಕಣಗಳ ನಡುವಣ ಸಂದುಗಳೂ ಇಂತಹ ನಳಿಕೆಗಳೇ. ದೊಡ್ಡ ಸಂದುಗಳ ನೀರು ಕೆಳಗೆ ಬಸಿದು ಹೋಗುತ್ತದೆ. ಮಧ್ಯಮ ಸಂದುಗಳ ನೀರನ್ನು ಬೇರು ಹೀರುತ್ತದೆ. ತ್ರಿಜ್ಯ ಇನ್ನೂ ಹತ್ತುಪಟ್ಟು ಕಿರಿದಾದ ಸಂದುಗಳಲ್ಲಿ ನೀರಿನ ಮೇಲಿನ ಹಿಡಿತ ಸುಮಾರು 15 ವಾಯುಮಂಡಲಗಳ ಒತ್ತಡಕ್ಕೆ ಸಮನಾಗುತ್ತದೆ. ಹೆಚ್ಚಿನ ಬೆಳೆಗಳ ಬೇರಿನ ಶಕ್ತಿ ಅಲ್ಲಿಗೆ ಮುಗಿಯುತ್ತದೆ. ಮಣ್ಣಿನಲ್ಲಿ ಇನ್ನೂ ನೀರಿದ್ದರೂ ಬೆಳೆ ಬಾಡಿ, ಮತ್ತೆ ಚೇತರಿಸಿಕೊಳ್ಳುವುದಿಲ್ಲ.

ಮಸಾರಿ ನೆಲಕ್ಕೂ ಎರೆನೆಲಕ್ಕೂ ಇರುವ ಭೇದ ಈಗ ಅರ್ಥವಾಗುತ್ತದೆ. ಮಸಾರಿಯ ಸಂದುಗಳು ದೊಡ್ಡವು. ಅದು ಕಡಿಮೆ ನೀರನ್ನು ಹಿಡಿದು ಬೇಗನೆ ಬಿಟ್ಟುಕೊಡುತ್ತದೆ. ಆದುದರಿಂದ ಅದು ಮುಂಗಾರಿಯ ಮಳೆಮಳೆಗೆ ಬೆಳೆಯುವ ಬೆಳೆಗೆ ಒಪ್ಪುತ್ತದೆ. ಎರೆಯ ಖಜಾನೆ ತುಂಬಲು ಹೊತ್ತು ಹಿಡಿಯುತ್ತದೆ. ತುಂಬಿತೆಂದರೆ ನೂರು ದಿನ ನಡೆಸುತ್ತದೆ. ಹಿಂಗಾರಿ ಬೇಸಾಯವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಬಾಯಿ ತೆರೆಯದೆ ಊಟವಿಲ್ಲ

ಖಜಾನೆಯಲ್ಲಿರುವ ನೀರನ್ನು ಗಿಡ ಖರ್ಚು ಮಾಡುವುದಾದರೂ ಏತಕ್ಕೆ? ಬೇರು ಹೀರಿದ ನೀರಿನಲ್ಲಿ ನೂರಕ್ಕೆ 97 ಪಾಲಿಗಿಂತಲೂ ಹೆಚ್ಚು ಎಲೆಗಳಿಂದ ಆವಿಯಾಗಿ ಹೊರಟುಹೋಗುತ್ತದೆ. ಇದು ಅಪವ್ಯಯದಂತೆ ಕಾಣುತ್ತದೆ. ಆದರೆ ಗಿಡಕ್ಕೆ ಬೇರೆ ದಾರಿಯಿಲ್ಲ. ಅದರ ಆಹಾರದ ಮೂಲವಸ್ತುವಾದ ಇಂಗಾಲದ ಡೈಆಕ್ಸೈಡು ಗಾಳಿಯಿಂದ ಬರಬೇಕು. ಅದಕ್ಕಾಗಿ ಎಲೆಯ ಮೇಲಿರುವ ಪತ್ರರಂಧ್ರಗಳು ತೆರೆಯಬೇಕು. ತೆರೆದ ಬಾಗಿಲಿನಿಂದ ಒಳಗಿನ ನೀರಾವಿ ಹೊರಗೆ ಹೋಗುತ್ತದೆ.

ಈ ವ್ಯಾಪಾರ ಗಿಡಕ್ಕೆ ಬಹಳ ನಷ್ಟದ್ದು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಹತ್ತು ಸಾವಿರ ಪಾಲಿನಲ್ಲಿ ನಾಲ್ಕು ಪಾಲಿನಷ್ಟಿದ್ದರೆ, 30 ಡಿಗ್ರಿಯ ಎಲೆಯೊಳಗಿನ ತೇವದ ಗಾಳಿಯಲ್ಲಿ ನೀರಾವಿಯು ನೂರರಲ್ಲಿ ನಾಲ್ಕು ಪಾಲಿನಷ್ಟಿದೆ. ಅಂದರೆ ಹೊರಹೋಗಲು ಕಾದಿರುವ ನೀರಿನ ಅಣುಗಳು ಒಳಬರಲಿರುವ ಅಣುಗಳ ನೂರುಪಟ್ಟು. ಹೀಗಿರಲು, ಒಣನಾಡಿನ ಗಿಡದ ಮುಂದಿರುವ ಪ್ರಶ್ನೆ ನೀರನ್ನು ಹೇಗೆ ಪಡೆಯುವುದೆಂಬುದಷ್ಟೇ ಅಲ್ಲ; ಇರುವ ನೀರಿಗೆ ಪ್ರತಿಯಾಗಿ ಹೆಚ್ಚು ಆಹಾರವನ್ನು ಹೇಗೆ ಕೊಳ್ಳುವುದೆಂಬುದು. ಒಂದೊಂದು ಗಿಡ ಈ ಪ್ರಶ್ನೆಗೆ ಒಂದೊಂದು ಉತ್ತರವನ್ನು ಕಂಡುಕೊಂಡಿದೆ.

ಜೋಳದ ಮಿತವ್ಯಯ

1966ರಲ್ಲಿ ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ಕಬ್ಬಿನ ಎಲೆಯಲ್ಲಿ ದ್ಯುತಿಸಂಶ್ಲೇಷಣೆಯ ಒಂದು ವಿಶೇಷ ಮಾರ್ಗವನ್ನು ವಿವರಿಸಿದರು. ಜೋಳವೂ ಆ ಗುಂಪಿಗೆ ಸೇರಿದ ಸಸ್ಯ. ಇಂತಹ ಎಲೆಗಳು ಮೊದಲು ಇಂಗಾಲದ ಡೈಆಕ್ಸೈಡನ್ನು ನಾಲ್ಕು ಇಂಗಾಲದ ಪರಮಾಣುಗಳುಳ್ಳ ಆಮ್ಲಗಳ ರೂಪದಲ್ಲಿ ಹಿಡಿದು, ನಾಳಗಳ ಸುತ್ತಲಿನ ಕೋಶಗಳಿಗೆ ಸಾಗಿಸಿ, ಅಲ್ಲಿ ಅದನ್ನು ದಟ್ಟವಾಗಿ ಕೂಡಿಹಾಕುತ್ತವೆ. ಇದೊಂದು ಬಗೆಯ ಪಂಪು ಎನ್ನಬಹುದು. ಪಂಪು ಇರುವುದರಿಂದ ಬಾಗಿಲನ್ನು ಅರೆತೆರೆದರೂ ಸಾಕಾಗುತ್ತದೆ. ನೀರಿನ ನಷ್ಟ ಕಡಿಮೆಯಾಗುತ್ತದೆ.

ಜೋಳದ ಉಪಾಯಗಳು ಇಲ್ಲಿಗೆ ಮುಗಿಯುವುದಿಲ್ಲ. ದಂಟಿನ ಮೇಲೆ ಬೆರಳಾಡಿಸಿದರೆ ಬಿಳಿಯ ಹಿಟ್ಟಿನಂತಹ ವಸ್ತು ಅಂಟುತ್ತದೆ. ಅದು ಮೇಣ, ನೀರನ್ನು ಒಳಗೇ ತಡೆದು ಬಿಸಿಲನ್ನು ಹಿಂದಕ್ಕೆ ಕಳುಹುತ್ತದೆ. ಮಧ್ಯಾಹ್ನದ ಬಿಸಿಲಿಗೆ ನೀರು ಸಾಲದಾದಾಗ ಎಲೆಯ ಮೇಲುಭಾಗದ ಕೆಲವು ದೊಡ್ಡ ಕೋಶಗಳು ಕುಗ್ಗಿ, ಎಲೆ ಕೊಳವೆಯಂತೆ ಸುರುಳಿಗೊಳ್ಳುತ್ತದೆ. ಬಿಸಿಲಿಗೆ ಒಡ್ಡಿದ ಮೇಲ್ಮೈ ಆಗ ಕಡಿಮೆಯಾಗುತ್ತದೆ. ಬೇರುಗಳು ಒಂದೂವರೆ ಮೀಟರಿಗಿಂತಲೂ ಆಳಕ್ಕೆ ಇಳಿದು, ಮೇಲುಪದರ ಆರಿದ ಮೇಲೆ ಕೆಳಪದರದ ಹಸಿಯನ್ನು ಹುಡುಕುತ್ತವೆ. 1930ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ಜೋಳದಿಂದ ಆರಿಸಿದ ಮಾಲದಂಡಿ ಎಂ. 35-1 ತಳಿ ಇಷ್ಟು ವರ್ಷ ರೈತರ ಪ್ರೀತಿಯನ್ನು ಉಳಿಸಿಕೊಂಡುದು ಇಂತಹ ಗುಣಗಳ ಒಟ್ಟುಗೂಡುವಿಕೆಯಿಂದಲೇ.

ಈಗ ಒಂದು ಲೆಕ್ಕವನ್ನು ಮಾಡೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಬ್ರಿಗ್ಸ್ ಮತ್ತು ಶ್ಯಾಂಟ್ಸ್ ಎಂಬವರು ಕೊಲೊರಾಡೊ ಪ್ರಾಂತದ ಏಕ್ರನ್ ಎಂಬಲ್ಲಿ ಗಿಡಗಳನ್ನು ದೊಡ್ಡ ಪಾತ್ರೆಗಳಲ್ಲಿ ಬೆಳೆಸಿ, ತೂಕ ಮಾಡಿ, ಒಂದು ಕಿಲೋಗ್ರಾಮು ಒಣಪದಾರ್ಥವನ್ನು ಬೆಳೆಯಲು ಎಷ್ಟು ನೀರು ಬೇಕೆಂಬುದನ್ನು ಅಳೆದರು. ಜೋಳಕ್ಕೆ ಸುಮಾರು 320 ಕಿಲೋಗ್ರಾಮು, ಗೋಧಿಗೆ ಸುಮಾರು 510, ಕುದುರೆಮಸಾಲೆಗೆ ಸುಮಾರು 830 ಎಂದು ಕಂಡುಬಂದಿತು. ಹವೆಗೆ ಅನುಗುಣವಾಗಿ ಈ ಅಂಕಿಗಳು ಬದಲಾಗುತ್ತವೆಯಾದರೂ ನಮ್ಮ ಅಂದಾಜಿಗೆ ಸಾಕು.

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ನೀರೆಂದರೆ ಸುಮಾರು 4,000 ಲೀಟರು. ಖಜಾನೆಯಲ್ಲಿ 150 ಮಿಲಿಮೀಟರು ಇದ್ದರೆ 6 ಲಕ್ಷ ಲೀಟರಾಯಿತು. ಅದರಲ್ಲಿ ಮೂರನೆಯ ಒಂದು ಪಾಲು ನೆಲದಿಂದಲೇ ಆರಿಹೋಯಿತೆಂದು ಬಿಟ್ಟರೆ ಬೆಳೆಗೆ ಉಳಿಯುವುದು 4 ಲಕ್ಷ ಲೀಟರು. ಇದನ್ನು 320ರಿಂದ ಭಾಗಿಸಿದರೆ 1,250 ಕಿಲೋಗ್ರಾಮು ಒಣಪದಾರ್ಥ. ದಂಟು ಎಲೆಗಳನ್ನು ಕಳೆದು, ಮೂರರಲ್ಲೊಂದು ಪಾಲು ಕಾಳೆಂದರೆ ಎಕರೆಗೆ ಸುಮಾರು ನಾಲ್ಕು ಕ್ವಿಂಟಲು! ಮಳೆಯಾಶ್ರಿತ ಎರೆಹೊಲದಲ್ಲಿ ಹಿಂಗಾರಿ ಜೋಳವನ್ನು ರಾಶಿ ಮಾಡಿದ ಯಾವ ರೈತನಿಗೂ ಈ ಅಂಕಿ ಅಪರಿಚಿತವಲ್ಲ. ಅಷ್ಟೇ ನೀರಿನಲ್ಲಿ ಗೋಧಿಯ ಒಣಪದಾರ್ಥ 800 ಕಿಲೋಗ್ರಾಮನ್ನೂ ಮುಟ್ಟುವುದಿಲ್ಲ. ಈ ನೆಲದ ಜನ ಜೋಳದ ರೊಟ್ಟಿಯನ್ನು ಉಣ್ಣುವುದಕ್ಕೆ ರುಚಿಯೊಂದೇ ಕಾರಣವಲ್ಲವೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಕಡಲೆಯ ಅವಸರ

ಕಡಲೆಗೆ ಜೋಳದಂತಹ ಪಂಪು ಇಲ್ಲ. ಅದರ ಉಪಾಯ ಬೇರೆ. ಅದು ತಾಯಿಬೇರನ್ನು ನೇರವಾಗಿ ಆಳಕ್ಕೆ ಇಳಿಸುತ್ತದೆ. ಚಳಿಯಿರುವಾಗಲೇ ಹೂಬಿಟ್ಟು, ಬಿಸಿಲು ಬಲಿಯುವ ಮೊದಲೇ ಕಾಳು ಕಟ್ಟಿ ಬದುಕನ್ನು ಮುಗಿಸುತ್ತದೆ. ಬರವನ್ನು ಎದುರಿಸದೆ ಅದರಿಂದ ಪಾರಾಗುವ ಜಾಣ್ಮೆಯಿದು. ಗದಗಿಗೆ ಸಮೀಪದ ಅಣ್ಣಿಗೇರಿಯ ಹೆಸರನ್ನು ಹೊತ್ತು 1978ರಲ್ಲಿ ಬಿಡುಗಡೆಯಾದ ಅಣ್ಣಿಗೇರಿ-1 ಎಂಬ ತಳಿ ಹೆಸರಾದುದಕ್ಕೆ ಸುಮಾರು 95 ದಿನಗಳಲ್ಲಿಯೇ ಮಾಗುವ ಗುಣವೂ ಒಂದು ಕಾರಣ.

ಬೆಳಗಿನ ಜಾವ ಕಡಲೆಯ ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆ ಅದರ ಹುಳಿಯ ಉರಿ ಗೊತ್ತು. ಗಿಡದ ಮೈಮೇಲಿನ ಕೂದಲುಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುತ್ತವೆ. ರಾತ್ರಿ ಗಿಡಗಳ ಮೇಲೆ ಬಟ್ಟೆ ಹಾಸಿ, ಇಬ್ಬನಿಯೊಡನೆ ಬೆರೆತ ಆ ಆಮ್ಲವನ್ನು ಮುಂಜಾನೆ ಹಿಂಡಿ ಕಡಲೆಹುಳಿಯನ್ನು ಸಂಗ್ರಹಿಸುವುದುಂಟು. ಗಿಡಕ್ಕೆ ಈ ಹುಳಿ ಕೀಟಗಳ ವಿರುದ್ಧ ರಕ್ಷಣೆ. ಕೂದಲುಗಳಿಂದ ಇನ್ನೊಂದು ಉಪಯೋಗವೂ ಇದೆ: ಎಲೆಗೆ ತಾಗಿದ ಗಾಳಿಯನ್ನು ಅಲುಗದಂತೆ ಹಿಡಿದು ಅವು ಆವಿಯ ಓಟವನ್ನು ನಿಧಾನಗೊಳಿಸುತ್ತವೆ.

ಗಜೇಂದ್ರಗಡದ ಬೆಟ್ಟದ ಮೇಲೆ

ಇಷ್ಟು ಹೊತ್ತು ನಾವು ಖಜಾನೆಯುಳ್ಳ ನೆಲದಲ್ಲಿದ್ದೆವು. ಈಗ ಗಜೇಂದ್ರಗಡದ ಕೋಟೆಯ ಬೆಟ್ಟವನ್ನೇರೋಣ. ಇಲ್ಲಿ ಮರಳುಗಲ್ಲಿನ ಮೇಲೆ ಮಣ್ಣು ಕೆಲವು ಅಂಗುಲ ಮಾತ್ರ. ಬಿದ್ದ ಮಳೆ ಇಳಿದು ಹೋಗುತ್ತದೆ. ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಎಲೆಗಳ ಸುತ್ತಲಿನ ತೇವವನ್ನೂ ಹೊತ್ತೊಯ್ಯುತ್ತದೆ. ಖಜಾನೆ ಇಲ್ಲದ ನಾಡಿನಲ್ಲಿ ಗಿಡ ತನ್ನ ಮೈಯನ್ನೇ ಖಜಾನೆ ಮಾಡಿಕೊಳ್ಳಬೇಕು.

ಕಳ್ಳಿ ಮಾಡಿರುವುದು ಇದನ್ನೇ. ಅದರಲ್ಲಿ ಎಲೆಯ ಕೆಲಸವನ್ನು ಹಸಿರು ಕಾಂಡವೇ ವಹಿಸಿಕೊಂಡಿದೆ. ಅಷ್ಟೇ ನೀರನ್ನು ತೆಳುವಾದ ಎಲೆಗಳಲ್ಲಿ ಹರಡುವ ಬದಲು ದಪ್ಪ ಕಂಬದಲ್ಲಿ ತುಂಬಿದರೆ ಆವಿಯಾಗುವ ಮೇಲ್ಮೈ ಬಹಳ ಕಡಿಮೆ. ಇದು ಕೇವಲ ರೇಖಾಗಣಿತ. ಹಾಲು ಸುರಿಸುವ ನಮ್ಮ ಕಳ್ಳಿಗೂ ಅಮೆರಿಕದಿಂದ ಬಂದ ಪಾಪಾಸುಕಳ್ಳಿಗೂ ರಕ್ತಸಂಬಂಧವಿಲ್ಲ. ಆದರೂ ಒಂದೇ ಕಷ್ಟ ಎರಡಕ್ಕೂ ಒಂದೇ ಬಗೆಯ ರೂಪವನ್ನು ಕೊಟ್ಟಿದೆ.

ಇವುಗಳ ಇನ್ನೊಂದು ಗುಟ್ಟು ಹೊರಬೀಳಲು ಕಾರಣನಾದವನು ನಮ್ಮ ನಾಡಿನಲ್ಲಿ ಓಡಾಡಿದ ಒಬ್ಬ ಸಸ್ಯಶಾಸ್ತ್ರಜ್ಞ. ಬೆಂಜಮಿನ್ ಹೈನೆ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದು, ಮೈಸೂರು ಸೀಮೆಯ ಸರ್ವೇಕ್ಷಣೆಯಲ್ಲಿ ಭಾಗವಹಿಸಿ, ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯನ್ನೂ ನೋಡಿಕೊಂಡವನು. ಎಲೆಯ ಅಂಚಿನಿಂದಲೇ ಮರಿಸಸಿಗಳನ್ನು ಹುಟ್ಟಿಸುವ, ಬ್ರಯೋಫಿಲಂ ಎಂದು ಹೆಸರಾದ ಕಾಡುಬಸಳೆಯ ಎಲೆ ಮುಂಜಾನೆ ಹುಳಿಯಾಗಿಯೂ, ಮಧ್ಯಾಹ್ನ ಸಪ್ಪೆಯಾಗಿಯೂ, ಸಂಜೆ ತುಸು ಕಹಿಯಾಗಿಯೂ ಇರುವುದನ್ನು ಅವನು ರುಚಿ ನೋಡಿ ಕಂಡುಕೊಂಡನು. ಇದನ್ನು ತಿಳಿಸಿದ ಅವನ ಪತ್ರವು 1815ರಲ್ಲಿ ಲಂಡನ್ನಿನ ಲಿನಿಯನ್ ಸಂಘದ ಸಂಪುಟದಲ್ಲಿ ಪ್ರಕಟವಾಯಿತು. ಅದರ ಅರ್ಥ ಪೂರ್ಣವಾಗಿ ತಿಳಿಯಲು ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು. ಈ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ಮುಚ್ಚಿ, ಗಾಳಿಯ ಬಾಯಾರಿಕೆ ತಗ್ಗಿರುವ ರಾತ್ರಿಯಲ್ಲಿ ತೆರೆಯುತ್ತವೆ. ಆಗ ಒಳಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಮರುದಿನ ಬಿಸಿಲಿನಲ್ಲಿ ಬಾಗಿಲು ಹಾಕಿಕೊಂಡೇ ಆಹಾರವನ್ನು ಮಾಡಿಕೊಳ್ಳುತ್ತವೆ. ಬೆಳಗಿನ ಹುಳಿಯೆಂದರೆ ರಾತ್ರಿಯ ಗಳಿಕೆ. ಕಡಲೆಯ ಹುಳಿಯಲ್ಲಿಯೂ ಇದೇ ಆಮ್ಲವಿದ್ದರೂ ಅದು ಮೈಮೇಲಿನ ಸ್ರಾವ; ಇದು ಕೋಶದೊಳಗಿನ ದಾಸ್ತಾನು. ಒಂದು ಗ್ರಾಮು ಇಂಗಾಲದ ಡೈಆಕ್ಸೈಡನ್ನು ಪಡೆಯಲು ಸಾಮಾನ್ಯ ಗಿಡಗಳು 400ರಿಂದ 500 ಗ್ರಾಮು ನೀರನ್ನೂ, ಜೋಳದ ಗುಂಪಿನವು 250ರಿಂದ 300 ಗ್ರಾಮನ್ನೂ ಕಳೆದುಕೊಂಡರೆ, ಇವು ಕಳೆದುಕೊಳ್ಳುವುದು 50ರಿಂದ 100 ಗ್ರಾಮು ಮಾತ್ರ. ಆದರೆ ಈ ಮಿತವ್ಯಯಕ್ಕೂ ಬೆಲೆಯುಂಟು: ಕಳ್ಳಿ ಬಹಳ ನಿಧಾನವಾಗಿ ಬೆಳೆಯುತ್ತದೆ.

ಬೆಟ್ಟದಿಂದಿಳಿದು ಹೊಲದ ಬದುವಿಗೆ ಬಂದರೆ ಬನ್ನಿಯ ಮರ ಎದುರಾಗುತ್ತದೆ. ದಸರೆಯಲ್ಲಿ ಬಂಗಾರವೆಂದು ಹಂಚುವ ಇದರ ಎಲೆ ಚಿಕ್ಕ ಚಿಕ್ಕ ದಳಗಳಾಗಿ ಒಡೆದಿದೆ. ಆದುದರಿಂದ ಬಿಸಿಲಿನ ಶಾಖ ಗಾಳಿಗೆ ಬೇಗನೆ ಹೋಗುತ್ತದೆ. ಇದರ ಬೇರು ಬೆಳೆಗಳ ಬೇರು ಮುಟ್ಟದಷ್ಟು ಆಳಕ್ಕೆ ಇಳಿಯುವುದರಿಂದ, ಊರೆಲ್ಲ ಒಣಗಿರುವ ಬೇಸಗೆಯಲ್ಲಿ ಬನ್ನಿ ಹೊಸ ಚಿಗುರನ್ನು ತಳೆಯುತ್ತದೆ.

ಎಡೆ ಹೊಡೆಯುವ ಕೈ

ಗಿಡದ ಮಿತವ್ಯಯಕ್ಕೆ ರೈತನೂ ಹೆಗಲು ಕೊಡುತ್ತಾನೆ. ಮಳೆ ನಿಂತ ಮೇಲೆಯೂ ಅವನು ಎಡೆಕುಂಟೆಯನ್ನು ಹೊಡೆಯುವುದು ಕಳೆ ತೆಗೆಯಲಿಕ್ಕೆ ಮಾತ್ರವಲ್ಲ. ಬಿರುಕುಗಳು ನೆಲದಾಳದ ಹಸಿಗೆ ತೆರೆದ ಕಿಟಕಿಗಳಿದ್ದಂತೆ. ಕುಂಟೆ ಅವನ್ನು ಮುಚ್ಚುತ್ತದೆ. ಜೊತೆಗೆ ಮೇಲಿನ ಎರಡಂಗುಲ ಮಣ್ಣು ಸಡಿಲಾಗಿ, ಕೆಳಗಿನ ಸೂಕ್ಷ್ಮ ನಳಿಕೆಗಳ ಸಂಪರ್ಕ ಕಡಿಯುತ್ತದೆ. ಒಂದು ತಟ್ಟೆಯಲ್ಲಿ ಬಣ್ಣದ ನೀರನ್ನು ತೆಳುವಾಗಿ ಹಾಕಿ, ಸಕ್ಕರೆಯ ಗಟ್ಟಿಯೊಂದನ್ನು ನಿಲ್ಲಿಸಿ, ಅದರ ತಲೆಯ ಮೇಲೆ ಪುಡಿಸಕ್ಕರೆಯನ್ನು ರಾಶಿಯಾಗಿ ಹಾಕಿ ನೋಡಿರಿ. ಬಣ್ಣ ಗಟ್ಟಿಯೊಳಗೆ ಸರಸರನೆ ಏರಿ, ಪುಡಿಯ ಅಂಚಿನಲ್ಲಿ ತಡೆದು ನಿಲ್ಲುತ್ತದೆ. ಎಡೆ ಹೊಡೆದ ಹೊಲದ ಗುಟ್ಟು ನಿಮ್ಮ ತಟ್ಟೆಯಲ್ಲಿಯೇ ಕಾಣುತ್ತದೆ.

ನೀರಿನ ನಡುವೆ ಬರ

ಈ ಸೀಮೆಯ ಜನ ನೀರಿಗಾಗಿ ಬಹಳ ಹೋರಾಡಿದ್ದಾರೆ. ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆಗಳು ಬಂದವು. ಕಾಲುವೆಯ ಕರ ಮತ್ತು ನೀರಿನ ಪ್ರಶ್ನೆಗಳ ಮೇಲೆ 1980ರ ಜುಲೈಯಲ್ಲಿ ನರಗುಂದ ನವಲಗುಂದಗಳ ರೈತರು ಬಂಡೆದ್ದರು. 2015ರಲ್ಲಿ ಮಹಾದಾಯಿಯ ನೀರಿಗಾಗಿ ನರಗುಂದದಲ್ಲಿಯೇ ದೀರ್ಘ ಧರಣಿ ಆರಂಭವಾಯಿತು. ಆ ಬೇಡಿಕೆಯ ನ್ಯಾಯ ಇಲ್ಲಿನ ವಿಷಯವಲ್ಲ. ಆದರೆ ಬಂದ ನೀರನ್ನು ಎರೆಭೂಮಿ ಹೇಗೆ ಸ್ವೀಕರಿಸುತ್ತದೆಂಬುದು ಭೌತವಿಜ್ಞಾನದ ವಿಷಯ.

ಎರೆಮಣ್ಣು ನೀರನ್ನು ಬೇಗನೆ ಬಸಿಯಲು ಬಿಡುವುದಿಲ್ಲ. ಕಾಲುವೆಯ ನೀರನ್ನು ಮಿತಿಮೀರಿ ಹಾಯಿಸಿದರೆ ಅಂತರ್ಜಲ ಮೇಲೇರಿ, ಬೆಳೆಯನ್ನು ಸಾಕಿದ ಆ ಸೂಕ್ಷ್ಮ ನಳಿಕೆಗಳೇ ಆಳದ ಲವಣವನ್ನು ಮೇಲಕ್ಕೆ ತರುತ್ತವೆ. ನೀರು ಆರಿಹೋಗುತ್ತದೆ, ಲವಣ ಉಳಿಯುತ್ತದೆ. ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ಜವಳು ಸವಳುಗಳಿಂದ ಹಾಳಾದ ಹೊಲಗಳು ಹೀಗೆಯೇ ಉಂಟಾದವು. ಸಮುದ್ರದ ನೀರಿನ ಪರಾಸರಣ ಒತ್ತಡ ಸುಮಾರು 25 ವಾಯುಮಂಡಲಗಳು. ಮಣ್ಣಿನ ನೀರು ಅದರ ಅರ್ಧದಷ್ಟು ಉಪ್ಪಾದರೂ ಒತ್ತಡ 12ರ ಮೇಲೆ ಹೋಗಿ, ಬೇರಿನ ಶಕ್ತಿಯ ಎಲ್ಲೆಯಾದ 15ಕ್ಕೆ ಹತ್ತಿರವಾಗುತ್ತದೆ. ಆಗ ಗಿಡ ಕಾಲಡಿಯಲ್ಲಿ ನೀರನ್ನಿಟ್ಟುಕೊಂಡೇ ಬಾಯಾರಿ ಬಾಡುತ್ತದೆ. ನೀರಿಲ್ಲದ ಬರವನ್ನು ಗೆದ್ದ ಕಡಲೆ ಈ ಬರಕ್ಕೆ ಬಹುಬೇಗ ಸೋಲುತ್ತದೆ.

ಒಣನಾಡಿನಲ್ಲಿ ಬಾಳುವ ಗಿಡಗಳಿಗೆ ಜಮೆಯನ್ನು ಹೆಚ್ಚಿಸುವ ಶಕ್ತಿ ಇಲ್ಲ. ಅವು ತಮ್ಮ ಖರ್ಚನ್ನು ಅರಿತಿವೆ: ಜೋಳ ಬಾಗಿಲನ್ನು ಅರೆತೆರೆದು, ಕಡಲೆ ಹೊತ್ತನ್ನು ನೋಡಿ, ಕಳ್ಳಿ ರಾತ್ರಿಯನ್ನು ಕಾದು ಬದುಕುತ್ತವೆ. ಜಮೆಯನ್ನು ಹೆಚ್ಚಿಸುವ ಶಕ್ತಿಯುಳ್ಳವರು ನಾವು. ಆ ಕಾರಣದಿಂದಲೇ ಎಷ್ಟು ನೀರಿಗೆ ಎಷ್ಟು ಬೆಳೆ ಎಂಬ ಲೆಕ್ಕವನ್ನು ಕಲಿಯುವ ಹೊಣೆ ನಮ್ಮ ಮೇಲೆ ಹೆಚ್ಚಾಗಿದೆ. ಮುಂದಿನ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಊಟದ ಬಳಿಕ ಸಲಿಕೆಯಿಂದ ಎರಡು ಅಡಿ ಅಗೆದು, ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿರಿ. ತಣ್ಣನೆಯ ಆ ಹಸಿ ಹಸ್ತ ಚಿತ್ತೆಗಳ ಮಳೆಯೇ. ಸುಗ್ಗಿಯವರೆಗೆ ಅದರಲ್ಲಿ ಎಷ್ಟು ದಿನಗಳ ಖರ್ಚು ಉಳಿದಿದೆಯೆಂದು ನೀವೇ ಲೆಕ್ಕ ಹಾಕಬಹುದು.